ಕ್ಲೌಡ್‌ಗೆ ಹಾಕಿದ್ದಕ್ಕೆ ಮನೆಯಲ್ಲೂ ಒಂದು ಪ್ರತಿ ಇರಲಿ

ಮಕ್ಕಳೇ, ನಾನು ಕೆಲಸಕ್ಕಿದ್ದ ಬ್ಯಾಂಕಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಸಂಜೆ ಲೆಕ್ಕ ತಾಳೆಯಾದ ಮಾತ್ರಕ್ಕೆ ಮನೆಗೆ ಹೊರಡುವಂತಿರಲಿಲ್ಲ. ಅಂದಿನ ವ್ಯವಹಾರವನ್ನೆಲ್ಲ ಟೇಪಿಗೆ ನಕಲು ಮಾಡಿ, ಟೇಪಿನ ಮೇಲೆ ತಾರೀಕು ಬರೆದು, ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಒಂದು ಟೇಪು ನಮ್ಮದೇ ಬೀರುವಿಗೆ, ಇನ್ನೊಂದು ಊರಿನ ಬೇರೆ ಶಾಖೆಗೆ. ನಮ್ಮ ಕಟ್ಟಡಕ್ಕೆ ಬೆಂಕಿ ಬಿದ್ದರೂ ಜನರ ದುಡ್ಡಿನ ಲೆಕ್ಕ ಉಳಿಯಬೇಕು ಎಂಬುದಷ್ಟೇ ಅದರ ಹಿಂದಿದ್ದ ಯೋಚನೆ. ಆ ಶಿಸ್ತು ನನ್ನ ಮೈಗೆ ಅಂಟಿಕೊಂಡಿದೆ.

ಈಗ ನಿಮ್ಮ ಒಂದೊಂದು ಫೋನಿನಲ್ಲೂ ಒಂದು ಸಂಸಾರದ ಇಪ್ಪತ್ತು ವರ್ಷ ಕೂತಿದೆ. ಕೇಳಿದರೆ, ‘ಎಲ್ಲ ಕ್ಲೌಡ್‌ನಲ್ಲಿ ಇದೆಯಲ್ಲ ದೊಡ್ಡಮ್ಮ’ ಎನ್ನುತ್ತೀರಿ. ಕ್ಲೌಡ್ ಬೇಡ ಎಂದು ನಾನು ಹೇಳುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ಅದು ಬೇರೆಯವರ ಕಂಪ್ಯೂಟರಿನಲ್ಲಿ, ಅವರ ಷರತ್ತಿಗೆ ಒಳಪಟ್ಟು ಇರುವ ಒಂದು ಪ್ರತಿ. ಅದೊಂದನ್ನೇ ನಂಬಿ ಕೂರಬೇಡಿ. ನನಗೆ ತಿಳಿದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

• ಹೋದರೆ ಮತ್ತೆ ಸಿಗದಿರುವುದು ಯಾವುದು ಎಂದು ಮೊದಲು ಗುರುತಿಸಿ. ಫೋನು ತುಂಬಿರುವುದು ಬಹುಪಾಲು ಸಿನಿಮಾ, ರೀಲ್ಸ್, ಶುಭೋದಯದ ಚಿತ್ರಗಳಿಂದ. ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮನೆಯವರ ಫೋಟೊ, ವಿಡಿಯೊ, ಅಜ್ಜ ಅಜ್ಜಿಯ ಧ್ವನಿ, ನೀವೇ ಬರೆದದ್ದು, ಆಸ್ಪತ್ರೆಯ ರಿಪೋರ್ಟು, ತೆರಿಗೆಯ ಲೆಕ್ಕ, ಮನೆ–ಜಮೀನಿನ ಕಾಗದದ ಸ್ಕ್ಯಾನ್ ಇವನ್ನೆಲ್ಲ ಒಂದೇ ಫೋಲ್ಡರಿನಡಿ ತನ್ನಿ. ಒಂದೇ ಕೇಕು ಕತ್ತರಿಸಿದ ನಲವತ್ತು ಫೋಟೊ ಇದ್ದರೆ ಚೆನ್ನಾಗಿರುವ ನಾಲ್ಕನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ. ರಾಶಿ ದೊಡ್ಡದಾದಷ್ಟೂ ಬ್ಯಾಕಪ್ ಮಾಡಲು ಮನಸ್ಸು ಬರುವುದಿಲ್ಲ. ಮೂವತ್ತು ಜಿಬಿಯನ್ನು ಜೋಪಾನ ಮಾಡುವವರು ಮುನ್ನೂರು ಜಿಬಿ ಎಂದರೆ ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆ.

• ಸರ್ಕಾರ ಮತ್ತೆ ಕೊಡುವ ಕಾಗದ ಬೇರೆ, ಯಾರೂ ಕೊಡಲಾರದ್ದು ಬೇರೆ. ಪಹಣಿ ಕಳೆದರೆ ಭೂಮಿ ತಂತ್ರಾಂಶದಿಂದ ಇನ್ನೊಂದು ಬರುತ್ತದೆ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಲ್ಲಿ ಪಡೆಯಬಹುದು. ಡಿಜಿಲಾಕರ್ 2015ರಿಂದ ಇದೆ. ಅದರಲ್ಲಿ ಇಲಾಖೆಯೇ ನೇರವಾಗಿ ಕೊಟ್ಟ ಡಿಎಲ್, ಅಂಕಪಟ್ಟಿಯಂಥವಕ್ಕೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ನೀವೇ ಫೋಟೊ ತೆಗೆದು ಅಲ್ಲಿಗೆ ಏರಿಸಿದ ಕಾಗದಕ್ಕೆ ಆ ಮಾನ್ಯತೆ ಇಲ್ಲ, ಇದನ್ನು ನೆನಪಿಡಿ. ಇವು ಕಳೆದರೆ ಓಡಾಟ, ಖರ್ಚು, ಬೇಸರ ಎಲ್ಲ ಇದೆ, ಆದರೂ ದಾರಿ ಇದೆ. ಅಜ್ಜಿ ಸೋಬಾನೆ ಹಾಡಿದ್ದನ್ನು ಯಾರೋ ಒಬ್ಬರು ಫೋನಿನಲ್ಲಿ ಹಿಡಿದಿದ್ದರೆ ಅದಕ್ಕೆ ಯಾವ ಕಚೇರಿಯಲ್ಲೂ ನಕಲು ಸಿಗುವುದಿಲ್ಲ. ಹಾಗಾಗಿ ಸಮಯ ಕಡಿಮೆ ಇದ್ದ ದಿನ ಇಂಥದ್ದರಿಂದಲೇ ಶುರು ಮಾಡಿ.

• ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಇದನ್ನು 3–2–1 ಎಂದು ಕರೆಯುತ್ತಾರೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಡಿಜಿಟಲ್ ಫೋಟೊಗಳನ್ನು ಕಾಪಾಡುವ ಬಗ್ಗೆ ಬರೆದ ಪುಸ್ತಕದಿಂದ ಈ ಲೆಕ್ಕ ಜನಪ್ರಿಯವಾಯಿತು. ಬ್ಯಾಂಕಿನಲ್ಲಿ ನಾವು ಹೆಸರಿಡದೆ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಮನೆಯ ಮಟ್ಟಿಗೆ ಹೇಳುವುದಾದರೆ ಫೋನು ಅಥವಾ ಲ್ಯಾಪ್‌ಟಾಪಿನಲ್ಲಿ ಇರುವುದು ಒಂದು, ಬೀರುವಿನಲ್ಲಿಡುವ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು, ಕ್ಲೌಡ್‌ನಲ್ಲೋ ಬೇರೆ ಊರಿನ ಅಕ್ಕನ ಮನೆಯಲ್ಲೋ ಮತ್ತೊಂದು. ಎರಡು ಬಗೆ ಏಕೆಂದರೆ ಒಂದೇ ಬಗೆಯ ವಸ್ತು ಒಂದೇ ರೀತಿಯಲ್ಲಿ ಕೆಡುತ್ತದೆ. ಬೇರೆ ಜಾಗ ಏಕೆಂದರೆ ಕಳ್ಳ ಬಂದರೆ ಲ್ಯಾಪ್‌ಟಾಪಿನ ಜೊತೆ ಪಕ್ಕದ ಡಿಸ್ಕನ್ನೂ ಎತ್ತಿಕೊಂಡೇ ಹೋಗುತ್ತಾನೆ.

• ಇದು ಅಮೆರಿಕದಿಂದ ಬಂದ ಹೊಸ ಬುದ್ಧಿ ಎಂದುಕೊಳ್ಳಬೇಡಿ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ತಾಳೆಗರಿಯ ಮೇಲೆ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ, ಒಂದೊಂದು ಗರಿಯನ್ನೂ ಕಂಟದಿಂದ ಕೊರೆಯಬೇಕು. ಓದುವವರು ಕಡಿಮೆಯಾದರೆ ಕಾವ್ಯ ಅಳಿದುಹೋಗುತ್ತದೆ, ಹಲವು ಕಡೆ ಇದ್ದರೆ ಎಲ್ಲೋ ಒಂದು ಕಡೆ ಉಳಿಯುತ್ತದೆ ಎಂಬ ಲೆಕ್ಕ ಆಕೆಗೆ ಸ್ಪಷ್ಟವಾಗಿತ್ತು. ಶಾಂತಿಪುರಾಣ ಇವತ್ತಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಪೂರ್ತಿಯಾಗಿ ಸಿಕ್ಕಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳ ಕಥೆಯೂ ಅಷ್ಟೇ, ಬೇರೆಯವರು ಎತ್ತಿ ಹೇಳಿದ ತುಣುಕುಗಳಿಂದಷ್ಟೇ ಅವು ಇದ್ದವೆಂದು ಗೊತ್ತು. ಲಕ್ಕುಂಡಿಗೆ ಹೋದಾಗ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತೀರಲ್ಲ, ಆ ಫೋಟೊಕ್ಕೆ ಆಕೆ ತೋರಿಸಿದ ಕಾಳಜಿಯ ಒಂದು ಪಾಲಾದರೂ ಸಿಗಲಿ.

• ಸಿಂಕ್ ಎನ್ನುವುದನ್ನು ಬ್ಯಾಕಪ್ ಎಂದು ತಿಳಿಯಬೇಡಿ. ನಾನು ಕಂಡ ತಪ್ಪು ತಿಳಿವಳಿಕೆಗಳಲ್ಲಿ ಇದೇ ದೊಡ್ಡದು. ಫೋನು ಮತ್ತು ಕ್ಲೌಡ್ ಸಿಂಕ್ ಆಗಿದ್ದರೆ ಅವೆರಡೂ ಕನ್ನಡಿಯ ಮುಂದಿನ ಮುಖ ಮತ್ತು ಪ್ರತಿಬಿಂಬದ ಹಾಗೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಫೋಟೋಸ್ ಆ್ಯಪಿನಲ್ಲಿ ಒಂದು ಚಿತ್ರ ಅಳಿಸಿ ನೋಡಿ. ಫೋನಿನಿಂದ, ಕ್ಲೌಡ್‌ನಿಂದ, ಅದೇ ಖಾತೆ ಇರುವ ಟ್ಯಾಬ್ಲೆಟಿನಿಂದ ಎಲ್ಲ ಕಡೆಯಿಂದಲೂ ಅದು ಹೋಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಗೂಗಲ್ ಡ್ರೈವ್‌ನ ಟ್ರ್ಯಾಶ್ 30 ದಿನದ್ದು, ಐಫೋನಿನಲ್ಲೂ ಅಳಿಸಿದ ಫೋಟೊಕ್ಕೆ ಹೆಚ್ಚುಕಡಿಮೆ ಅಷ್ಟೇ ಅವಧಿ. ಮಗು ಆಟವಾಡುತ್ತ ಒಂದು ಆಲ್ಬಮ್ಮನ್ನೇ ಅಳಿಸಿದ್ದು ಮೂರು ತಿಂಗಳ ಮೇಲೆ ನಿಮ್ಮ ಗಮನಕ್ಕೆ ಬಂದರೆ ಯಾರೂ ಏನೂ ಮಾಡಲಾರರು. ಫೋನಿನಲ್ಲಿ ಜಾಗ ಖಾಲಿ ಮಾಡುವ ‘ಫ್ರೀ ಅಪ್ ಸ್ಪೇಸ್’ ಗುಂಡಿ ಬೇರೆ. ಅದು ಕ್ಲೌಡ್‌ನಲ್ಲಿರುವುದನ್ನು ಉಳಿಸಿ ಫೋನಿನಲ್ಲಿರುವುದನ್ನು ಮಾತ್ರ ತೆಗೆಯುತ್ತದೆ. ಆದರೆ ಅದನ್ನು ಒತ್ತಿದ ಗಳಿಗೆಯಿಂದ ಕ್ಲೌಡ್‌ನ ಪ್ರತಿಯೇ ನಿಮಗಿರುವ ಏಕೈಕ ಪ್ರತಿ. ಡಿಸ್ಕಿಗೆ ನಕಲು ಮಾಡಿದ ಮೇಲಷ್ಟೇ ಆ ಗುಂಡಿಯನ್ನು ಮುಟ್ಟಿ.

• ದೊಡ್ಡವರ ಮನೆಗೂ ಬೆಂಕಿ ಬೀಳುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರಿನ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪಿಗೆಂದೇ ದುಡ್ಡು ಕೊಟ್ಟಿದ್ದ ಕೆಲವು ಗಿರಾಕಿಗಳ ಬ್ಯಾಕಪ್ ಪ್ರತಿಯೂ ಅದೇ ಆವರಣದಲ್ಲಿತ್ತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಯಿಂದ ಬೆಂಕಿ ಹೊತ್ತಿ, ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ–ಡ್ರೈವ್ ಎಂಬ ವ್ಯವಸ್ಥೆಯ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಬೇರೆಡೆ ಅದರ ಪ್ರತಿಯೇ ಇರಲಿಲ್ಲ. ತಂತ್ರಜ್ಞಾನದಲ್ಲಿ ಮುಂದಿರುವ ದೇಶದ ಸರ್ಕಾರಕ್ಕೇ ಹೀಗಾಯಿತು. ಬೆಂಕಿಯೇ ಬೇಕೆಂದಿಲ್ಲ, ಸ್ಥಳಾಂತರವೂ ಸಾಕು. ಮೈಸ್ಪೇಸ್ ಎಂಬ ತಾಣ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವಾಗ 2003ರಿಂದ 2015ರವರೆಗೆ ಜನ ಏರಿಸಿದ್ದ ಹಾಡು, ಫೋಟೊ, ವಿಡಿಯೊಗಳನ್ನು ಕಳೆದುಕೊಂಡದ್ದು 2019ರಲ್ಲಿ ಬಯಲಾಯಿತು. ಹಾಡಿದವರಲ್ಲಿ ಎಷ್ಟೋ ಜನ ತಮ್ಮ ಹಾಡು ಅಲ್ಲೇ ಇದೆಯಲ್ಲ ಎಂದು ಬೇರೆ ಪ್ರತಿ ಇಟ್ಟಿರಲಿಲ್ಲ.

• ತಾಣಗಳು ಬಾಗಿಲು ಹಾಕುತ್ತವೆ. ನಿಮ್ಮಲ್ಲಿ ದೊಡ್ಡವರಿಗೆ ಆರ್ಕುಟ್ ನೆನಪಿರಬೇಕು, ಕಾಲೇಜಿನ ಫೋಟೊಗಳೆಲ್ಲ ಅಲ್ಲೇ ಇದ್ದವು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಯಾಹೂ ಗುಂಪುಗಳಲ್ಲಿ ವರ್ಷಗಟ್ಟಲೆ ನಡೆದ ಮಾತುಕತೆ 2019–20ರಲ್ಲಿ ಅಳಿಯಿತು. ಮುಚ್ಚುವ ಮೊದಲು ಕಂಪನಿಗಳು ಮಿಂಚಂಚೆ ಕಳಿಸಿ ಗಡುವು ಕೊಡುತ್ತವೆ, ನಿಜ. ಆ ಅಂಚೆ ಬರುವುದು ನೀವು ತೆರೆಯುವುದನ್ನೇ ಬಿಟ್ಟಿರುವ ಹಳೆಯ ವಿಳಾಸಕ್ಕೆ.

• ಒಂದೇ ಖಾತೆಗೆ ಇಡೀ ಬದುಕನ್ನು ಕಟ್ಟಬೇಡಿ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2021ರಲ್ಲಿ ಒಬ್ಬ ತಂದೆ ಮಗುವಿಗೆ ಸೋಂಕಾಗಿದ್ದ ಜಾಗದ ಫೋಟೊವನ್ನು ವೈದ್ಯರಿಗೆ ತೋರಿಸಲೆಂದು ಫೋನಿನಲ್ಲಿ ತೆಗೆದರು. ಫೋಟೊ ತಾನಾಗಿಯೇ ಕ್ಲೌಡ್ ಸೇರಿತು. ಅಲ್ಲಿನ ಯಂತ್ರ ಅದನ್ನು ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರವೆಂದು ಬಗೆದು ಅವರ ಗೂಗಲ್ ಖಾತೆಯನ್ನೇ ಮುಚ್ಚಿತು. ಪೊಲೀಸರು ತನಿಖೆ ಮಾಡಿ ಅಪರಾಧವೇನೂ ಇಲ್ಲ ಎಂದರೂ ಖಾತೆ ಮರಳಲಿಲ್ಲ. ಮೇಲ್, ಫೋನ್ ನಂಬರುಗಳ ಪಟ್ಟಿ, ಮಗು ಹುಟ್ಟಿದಾಗಿನಿಂದ ತೆಗೆದ ಫೋಟೊ ಎಲ್ಲವೂ ಒಟ್ಟಿಗೆ ಹೋದವು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ವಿವರವಾಗಿ ವರದಿ ಮಾಡಿತ್ತು. ಮಕ್ಕಳ ರಕ್ಷಣೆಗೆ ಅಂಥ ತಪಾಸಣೆ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಂತ್ರ ತಪ್ಪು ತಿಳಿದಾಗ ನಮ್ಮ ಮಾತನ್ನು ಕೂತು ಕೇಳುವ ಮ್ಯಾನೇಜರ್ ಅಲ್ಲಿ ಇಲ್ಲ, ಹೋಗಿ ನಿಲ್ಲಲು ಕೌಂಟರ್ ಇಲ್ಲ. ಆದ್ದರಿಂದ ಬ್ಯಾಂಕು–ತೆರಿಗೆ ವ್ಯವಹಾರದ ಮೇಲ್ ವಿಳಾಸ ಒಂದು, ಫೋಟೊದ ಖಾತೆ ಇನ್ನೊಂದು ಇರಲಿ. ಮಗುವಿನ ಮೈಮೇಲಿನ ಗುಳ್ಳೆ, ಗಾಯದ ಫೋಟೊ ತೆಗೆಯಲೇಬೇಕಾದರೆ ಮೊದಲು ಆಟೊ ಬ್ಯಾಕಪ್ ನಿಲ್ಲಿಸಿ, ವೈದ್ಯರು ನೋಡಿದ ಮೇಲೆ ಅಳಿಸಿ. ಮಗುವನ್ನೇ ಕರೆದೊಯ್ದು ತೋರಿಸಲು ಆಗುವುದಾದರೆ ಇನ್ನೂ ಒಳ್ಳೆಯದು.

• ಪುಕ್ಕಟೆ ಜಾಗ ಶಾಶ್ವತವಲ್ಲ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದೆಂಬ ಸೌಲಭ್ಯ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಅಲ್ಲಿಂದೀಚೆಗೆ ಮೇಲ್, ಡ್ರೈವ್, ಫೋಟೊ ಮೂರೂ ಸೇರಿ ಲೆಕ್ಕಕ್ಕೆ ಬರುತ್ತವೆ, ಈಗ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದೇ ಜಾಗಕ್ಕೆ ಸೇರಿದೆ. ಅದು ತುಂಬಿದರೆ ಹೊಸ ಫೋಟೊ ಏರುವುದು ನಿಲ್ಲುತ್ತದೆ, ಮೇಲ್ ಬರುವುದೂ ನಿಲ್ಲುತ್ತದೆ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತೀರಿಕೊಂಡ ಹಿರಿಯರ ಖಾತೆ ಇದ್ದಲ್ಲೇ ಇರುತ್ತದೆ ಎಂದು ಸುಮ್ಮನಿರಬೇಡಿ, ಅದರಲ್ಲಿರುವ ಫೋಟೊ, ಪತ್ರಗಳನ್ನು ಇಳಿಸಿಕೊಳ್ಳಿ. ದುಡ್ಡು ಕಟ್ಟುವವರು ಕಾರ್ಡು ಬದಲಾದಾಗ ಪಾವತಿ ನಿಂತಿದೆಯೇ ಎಂದು ನೋಡಿಕೊಳ್ಳಿ.

• ವಾಟ್ಸ್‌ಆ್ಯಪನ್ನು ಆಲ್ಬಮ್ ಮಾಡಿಕೊಳ್ಳಬೇಡಿ. ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ತೆಗೆದ ತಾರೀಕಿನಂಥ ವಿವರಗಳೂ ಉದುರಿಹೋಗುತ್ತವೆ. ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಗೋಡೆಗೆ ಹಾಕಲು ದೊಡ್ಡದಾಗಿ ಅಚ್ಚು ಹಾಕಿಸಿದ ದಿನ ಮುಖ ಮಸುಕಾಗಿರುವುದು ತಿಳಿಯುತ್ತದೆ. ಮುಖ್ಯವಾದ ಚಿತ್ರಗಳನ್ನು ‘ಡಾಕ್ಯುಮೆಂಟ್’ ಆಯ್ದು ಕಳಿಸಿ. ಮದುವೆ, ಉಪನಯನದ ಫೋಟೊಗ್ರಾಫರ್ ಬಳಿ ಮೂಲ ಫೈಲುಗಳನ್ನೇ ಕೇಳಿ ಇಸಿದುಕೊಳ್ಳಿ. ಅವರೂ ಜಾಗ ಸಾಲದೆ ಹಳೆಯ ಸಮಾರಂಭಗಳನ್ನು ಅಳಿಸುತ್ತಾರೆ. ಇನ್ನು ವಾಟ್ಸ್‌ಆ್ಯಪ್ ಬ್ಯಾಕಪ್ಪಿಗೆ ಗೂಢಲಿಪಿಯ ರಕ್ಷಣೆ ಹಾಕಿದ್ದರೆ ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದಿಡಿ. ಮರೆತರೆ ಕಂಪನಿಯೂ ಅದನ್ನು ಬಿಡಿಸಿಕೊಡಲಾರದು.

• ಎರಡು ಹಾರ್ಡ್ ಡಿಸ್ಕ್ ಕೊಳ್ಳಿ, ಬೇರೆ ಬೇರೆ ಕಂಪನಿಯದು. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತಂದ ಜೋಡಿ ಬೇಡ. ಮೊದಲನೆಯದಕ್ಕೆ ‘ಅ’, ಎರಡನೆಯದಕ್ಕೆ ‘ಆ’ ಎಂದು ಹೆಸರಿಡಿ. ಕಾಗದದ ಪಟ್ಟಿ ಅಂಟಿಸಿ ಕೊಂಡ ತಾರೀಕು, ಕೊನೆಯದಾಗಿ ನಕಲು ಮಾಡಿದ ತಾರೀಕು ಬರೆಯಿರಿ. ಐದು ವರ್ಷಕ್ಕೊಮ್ಮೆ ಹೊಸದಕ್ಕೆ ಬದಲಾಯಿಸಿ, ಹಳೆಯದು ಚೆನ್ನಾಗಿದ್ದರೂ ಸರಿ. ಪೆನ್ ಡ್ರೈವ್ ಸಾಗಿಸುವುದಕ್ಕೆ ಇರುವ ವಸ್ತು, ಇಟ್ಟು ಮರೆಯುವುದಕ್ಕಲ್ಲ. ಎಸ್‌ಎಸ್‌ಡಿ ವೇಗವಾಗಿದೆ ಎಂದು ಅದರಲ್ಲಿ ತುಂಬಿ ವರ್ಷಗಟ್ಟಲೆ ಡ್ರಾಯರಿನಲ್ಲಿ ಇಡಬೇಡಿ. ವಿದ್ಯುತ್ ಇಲ್ಲದೆ ಬಹಳ ಕಾಲ ಬಿದ್ದಿದ್ದರೆ ಅದರೊಳಗಿನ ವಿದ್ಯುದಾವೇಶ ಸೋರಿ ಮಾಹಿತಿ ಕೆಡಬಹುದು. ಹಳೆಯ ಮದುವೆ ಸಿ.ಡಿ.ಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಂಚಿನಿಂದ ಜೇಡರ ಬಲೆಯಂತೆ ಬೂಷ್ಟು ಹಬ್ಬಿರುತ್ತದೆ. ಇನ್ನೂ ಓದಲು ಬರುತ್ತಿದ್ದರೆ ಈ ವಾರವೇ ಡಿಸ್ಕಿಗೆ ಇಳಿಸಿಕೊಳ್ಳಿ. ಡಿಸ್ಕಿಗೂ ತೇವ ಆಗದು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಳೆಗಾಲಕ್ಕೆ ಮುಂಚೆ ಪೊಟ್ಟಣ ಬದಲಿಸಿ.

• ಕೆಲಸ ಮುಗಿದ ಕೂಡಲೇ ಡಿಸ್ಕಿನ ಕೇಬಲ್ ಕಿತ್ತು ಎತ್ತಿಡಿ. ರ‍್ಯಾನ್ಸಮ್‌ವೇರ್ ಎಂಬ ಪಿಡುಗು ಕಂಪ್ಯೂಟರಿಗೆ ಹೊಕ್ಕರೆ ಒಳಗಿನ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುತ್ತದೆ. ಆ ಹೊತ್ತಿಗೆ ಚುಚ್ಚಿಕೊಂಡಿರುವ ಡಿಸ್ಕಿಗೂ ಸಿಂಕ್ ಆಗುವ ಕ್ಲೌಡ್ ಫೋಲ್ಡರಿಗೂ ಅದೇ ಗತಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ ಇಂಥ ದಾಳಿಗೆ ಸಿಕ್ಕಿ ದಿನಗಟ್ಟಲೆ ಚೀಟಿ–ಪೆನ್ನಿನಲ್ಲಿ ಕೆಲಸ ನಡೆಸಬೇಕಾಯಿತು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗಿನ ಮೂಲಕ ಬರುವ ಹೊಡೆತಕ್ಕೂ ಕಿತ್ತಿಟ್ಟ ಡಿಸ್ಕ್ ಸಿಗುವುದಿಲ್ಲ.

• ‘ಆ’ ಡಿಸ್ಕ್ ನಿಮ್ಮ ಮನೆಯಲ್ಲಿ ಇರಬಾರದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ, 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿ ಬಂದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಬೀರುವಿನ ಕಾಗದ, ಗೋಡೆಯ ಫೋಟೊ ಯಾವುದನ್ನೂ ತೆಗೆದುಕೊಳ್ಳುವಷ್ಟು ಹೊತ್ತು ಇರಲಿಲ್ಲ. ನಿಮ್ಮ ಎರಡನೆಯ ಡಿಸ್ಕ್ ಬೇರೆ ಊರಿನ ತಂಗಿಯ ಮನೆಯಲ್ಲಿರಲಿ, ಅವಳದು ನಿಮ್ಮಲ್ಲಿರಲಿ. ಯುಗಾದಿಗೋ ದೀಪಾವಳಿಗೋ ಹೋಗಿ ಬರುತ್ತೀರಲ್ಲ, ಆಗ ಹೊಸದಾಗಿ ನಕಲು ಮಾಡಿದ್ದನ್ನು ಕೊಟ್ಟು ಹಳೆಯದನ್ನು ತನ್ನಿ. ಮಕ್ಕಳು ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇದ್ದರೆ ಊರಿಗೆ ಬಂದಾಗ ಉಪ್ಪಿನಕಾಯಿ ಜೊತೆ ಒಂದು ಡಿಸ್ಕನ್ನೂ ಕಟ್ಟಿಕೊಡಿ, ಅಷ್ಟು ದೂರದ ಪ್ರತಿ ಬೇರೆಲ್ಲೂ ಸಿಗುವುದಿಲ್ಲ. ಹತ್ತಿರದವರು ಯಾರೂ ಇಲ್ಲದಿದ್ದರೆ ಬ್ಯಾಂಕ್ ಲಾಕರಿನಲ್ಲಿ ಚಿನ್ನದ ಪಕ್ಕ ಒಂದು ಡಿಸ್ಕಿಗೆ ಜಾಗ ಖಂಡಿತ ಇರುತ್ತದೆ.

• ಬೇರೆಯವರ ಮನೆಗೆ ಹೋಗುವ ಡಿಸ್ಕಿಗೆ ಬೀಗ ಬೇಕು. ಆಧಾರ್, ಪ್ಯಾನ್, ಬ್ಯಾಂಕಿನ ಕಾಗದ, ವೈದ್ಯಕೀಯ ರಿಪೋರ್ಟು ಇರುವ ಫೋಲ್ಡರನ್ನು ಮಾತ್ರ 7–ಜಿಪ್ ಅಥವಾ ವೆರಾಕ್ರಿಪ್ಟ್‌ನಂಥ ಪುಕ್ಕಟೆ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿ. ಕ್ಲೌಡ್‌ಗೆ ಏರಿಸುವುದಾದರೂ ಹಾಗೆ ಕಟ್ಟಿಯೇ ಏರಿಸಿ. ಫೋಟೊಗಳಿಗೆ ಬೀಗ ಬೇಡ ಎಂಬುದು ನನ್ನ ಅಭಿಪ್ರಾಯ. ಮೂವತ್ತು ವರ್ಷದ ಮೇಲೆ ಮೊಮ್ಮಕ್ಕಳು ಆ ಡಿಸ್ಕ್ ತೆರೆದಾಗ ಪಾಸ್‌ವರ್ಡ್ ಹೇಳಲು ನೀವು ಎದುರಿಗಿರುತ್ತೀರಿ ಎನ್ನುವಂತಿಲ್ಲ. ಎಟಿಎಂ ಪಿನ್, ಪಾಸ್‌ವರ್ಡ್ ಬರೆದ ಚೀಟಿಯ ಫೋಟೊ ಗ್ಯಾಲರಿಯಲ್ಲಿ ಇದ್ದರೆ ಈಗಲೇ ಅಳಿಸಿ. ಗ್ಯಾಲರಿಯಲ್ಲಿರುವುದು ಕ್ಲೌಡ್‌ಗೆ ಹೋಗುತ್ತದೆ, ಖಾತೆಗೆ ನುಗ್ಗಿದವನ ಕೈಗೆ ಎಲ್ಲ ಒಟ್ಟಿಗೆ ಸಿಗುತ್ತದೆ.

• ವರ್ಷಕ್ಕೊಮ್ಮೆ ಕ್ಲೌಡ್‌ನಲ್ಲಿರುವುದನ್ನೆಲ್ಲ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಇದಕ್ಕೆ ‘ಟೇಕ್‌ಔಟ್’ ಎಂಬ ಸೌಲಭ್ಯ ಇದೆ. ಕಂಪ್ಯೂಟರಿನಲ್ಲಿ ಖಾತೆಗೆ ಹೋಗಿ, ಮೊದಲು ಎಲ್ಲ ಗುರುತನ್ನೂ ತೆಗೆದು ಫೋಟೋಸ್ ಒಂದನ್ನು ಆರಿಸಿ. ಜಿಪ್ ಗಾತ್ರ 2 ಜಿಬಿ ಎಂದು ಮೊದಲೇ ಇರುತ್ತದೆ, ಅದನ್ನು 10ಕ್ಕೋ 50ಕ್ಕೋ ಏರಿಸಿದರೆ ಕಂತೆಗಳು ಕಡಿಮೆ. ತಯಾರಾಗಲು ಕೆಲವು ಗಂಟೆ, ಒಮ್ಮೊಮ್ಮೆ ದಿನಗಳೇ ಹಿಡಿಯುತ್ತವೆ. ಆಮೇಲೆ ಮೇಲ್‌ಗೆ ಕೊಂಡಿ ಬರುತ್ತದೆ. ಕೊಂಡಿಗೆ ಸುಮಾರು ಒಂದು ವಾರದ ಆಯುಸ್ಸು, ಅಷ್ಟರೊಳಗೆ ಇಳಿಸಿಕೊಳ್ಳಬೇಕು. ಮೊಬೈಲ್ ಡೇಟಾದಲ್ಲಿ ಬೇಡ, ವೈಫೈ ಇರುವ ಮನೆಯಲ್ಲಿ ಕೂತು ಮಾಡಿ. ಬಿಡಿಸಿದಾಗ ಫೋಟೊಗಳ ಜೊತೆ ‘ಜೇಸನ್’ ಎಂಬ ಸಣ್ಣ ಫೈಲುಗಳು ಕಾಣುತ್ತವೆ, ಕಸವೆಂದು ಎಸೆಯಬೇಡಿ. ತಾರೀಕು, ನೀವು ಬರೆದ ವಿವರ ಅದರಲ್ಲಿ ಇರುತ್ತವೆ. ತೆರಿಗೆ ರಿಟರ್ನ್ ಸಲ್ಲಿಸುವ ಜುಲೈ ತಿಂಗಳಿಗೆ ಈ ಕೆಲಸವನ್ನೂ ಹೊಂದಿಸಿಕೊಂಡರೆ ಮರೆಯುವುದಿಲ್ಲ.

• ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನಾನು ಒಪ್ಪುವುದಿಲ್ಲ. ನಮ್ಮ ಬ್ಯಾಂಕಿನಲ್ಲಿ ಹಳೆಯ ಟೇಪೊಂದನ್ನು ಆಗಾಗ ಹಾಕಿ ಅದರಲ್ಲಿರುವುದು ಓದಲು ಬರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೆವು. 1998ರಲ್ಲಿ ಪಿಕ್ಸಾರ್ ಕಂಪನಿಯಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ತೆರೆದರೆ ಅದೂ ಸರಿಯಾಗಿ ಆಗಿರಲಿಲ್ಲ. ಗೇಲಿನ್ ಸಸ್‌ಮನ್ ಎಂಬ ಹಿರಿಯ ತಂತ್ರಜ್ಞೆ ಎಳೆಮಗುವಿನ ಕಾರಣಕ್ಕೆ ಮನೆಯಿಂದ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಆ ಚಿತ್ರವನ್ನು ಉಳಿಸಿತು. ನೀವು ಮಾಡಬೇಕಾದದ್ದು ಇಷ್ಟು. ಆರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ಹಳೆಯದೊಂದು ಫೋಲ್ಡರ್, ನಡುವಿನದೊಂದು, ಹೊಸದೊಂದು ತೆರೆಯಿರಿ. ಹೆಸರು ಕಂಡರೆ ಸಾಲದು. ಫೋಟೊ ಪೂರ್ತಿ ತೆರೆದುಕೊಳ್ಳುತ್ತದೆಯೇ, ಅರ್ಧ ಚಿತ್ರ ಬಂದು ಉಳಿದರ್ಧ ಬೂದು ಬಣ್ಣವಾಗಿದೆಯೇ ಎಂದು ನೋಡಿ. ವಿಡಿಯೊವನ್ನು ನಡುವಿಗೆ ಜರುಗಿಸಿ ಓಡಿಸಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ, ಒಂದೇ ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿದರೆ, ಬೇರೆ ಎಲ್ಲ ಕೆಲಸ ಬಿಟ್ಟು ಹೊಸ ಡಿಸ್ಕ್ ತನ್ನಿ.

• ಕನ್ನಡದಲ್ಲಿ ಬರೆದಿಟ್ಟವರಿಗೆ ಇನ್ನೊಂದು ಮಾತು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲುಗಳು ಎಷ್ಟೋ ಮನೆಗಳಲ್ಲಿ ಇವೆ. ಅಪ್ಪ ಬರೆದ ಊರಿನ ಇತಿಹಾಸ, ಅತ್ತೆಯ ಕಥೆಗಳು, ಸಂಘದ ನಡವಳಿ ಪುಸ್ತಕ. ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಹಾಳಾಗಿದೆ ಎಂದು ತಿಳಿದು ಅಳಿಸಿದವರನ್ನು ನಾನು ಬಲ್ಲೆ. ಅಳಿಸಬೇಡಿ, ಅಕ್ಷರ ಒಳಗೇ ಇದೆ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶ ನುಡಿ, ಬರಹಗಳ ಜೊತೆಯಲ್ಲೇ ಬರುತ್ತದೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಿ ನೋಡಿ, ಒತ್ತಕ್ಷರ, ಅರ್ಕಾವೊತ್ತು ಕೆಲವು ಕಡೆ ಜಾಗ ತಪ್ಪಿರುತ್ತವೆ. ತಿದ್ದಿದ ಪ್ರತಿ ಒಂದು, ಅದರ ಪಿಡಿಎಫ್ ಒಂದು, ಮೂಲ ಫೈಲು ಒಂದು, ಮೂರನ್ನೂ ಇಡಿ. ಮೂಲದ ಫಾಂಟನ್ನೂ ಅದೇ ಫೋಲ್ಡರಿನಲ್ಲಿ ಹಾಕಿದರೆ ಮುಂದೆ ತಿದ್ದುವವರಿಗೆ ಅನುಕೂಲ.

• ಫೋಲ್ಡರುಗಳಿಗೆ ವರ್ಷದಿಂದ ಶುರುವಾಗುವ ಹೆಸರಿಡಿ. ‘2024–03 ಸಿರಸಿ ಜಾತ್ರೆ’ ಎಂಬಂತೆ ಬರೆದರೆ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ‘ಹೊಸದು’, ‘ಹೊಸದು 2’, ‘ಕೊನೆಯದು’ ಎಂಬ ಹೆಸರುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

• ಫೋನ್ ನಂಬರೇ ಖಾತೆಯ ಕೀಲಿ, ಅದನ್ನು ಕಾಪಾಡಿಕೊಳ್ಳಿ. ಎರಡು ಹಂತದ ಪರಿಶೀಲನೆ ಹಾಕಿಕೊಳ್ಳುವುದು ಒಳ್ಳೆಯದೇ. ಆದರೆ ಒಟಿಪಿ ಬರುವ ಸಿಮ್ಮಿಗೆ ರೀಚಾರ್ಜ್ ಮಾಡದೆ ಬಿಟ್ಟರೆ ಸಂಪರ್ಕ ಕಡಿದು, 90 ದಿನದ ಮೇಲೆ ಆ ನಂಬರನ್ನು ಇನ್ನೊಬ್ಬರಿಗೆ ಕೊಡಬಹುದು. ಆಮೇಲೆ ನಿಮ್ಮ ಒಟಿಪಿ ಅವರ ಫೋನಿಗೆ. ಹಳೆಯ ನಂಬರ್ ಬಿಡುವ ಮೊದಲು ಎಲ್ಲ ಖಾತೆಯಲ್ಲೂ ಹೊಸದನ್ನು ದಾಖಲಿಸಿ. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಅಚ್ಚು ಹಾಕಿ ಬೀರುವಿನಲ್ಲಿಡಿ, ಫೋನು ಕಳುವಾದ ದಿನ ಅವೇ ನಿಮ್ಮನ್ನು ಒಳಗೆ ಬಿಡುವುದು. ‘ನಿಮ್ಮ ಖಾತೆ ಬಂದ್ ಆಗುತ್ತದೆ, ಈ ಕೊಂಡಿ ಒತ್ತಿ’ ಎಂದು ಬರುವ ಸಂದೇಶಕ್ಕೆ ಯಾವ ಕಾರಣಕ್ಕೂ ಪಾಸ್‌ವರ್ಡ್ ಕೊಡಬೇಡಿ.

• ಫೋನನ್ನು ರಿಪೇರಿಗೆ ಕೊಡುವ ಮೊದಲು, ಮಾರುವ ಮೊದಲು ಡಿಸ್ಕಿಗೆ ನಕಲು ಮಾಡಿ. ಅಂಗಡಿಯವನು ‘ಡೇಟಾ ಏನೂ ಹೋಗಲ್ಲ ಬಿಡಿ ಅಮ್ಮ’ ಎಂದರೂ ಸರಿ.

• ನೀವಿಲ್ಲದಾಗ ಯಾರು ತೆರೆಯಬೇಕು ಎಂದು ಈಗಲೇ ಹೇಳಿಡಿ. ಬ್ಯಾಂಕ್ ಖಾತೆಗೆ ನಾಮಿನಿ ಬರೆಯುತ್ತೀರಿ, ಫೋಟೊ ಖಾತೆಗೂ ಬರೆಯಿರಿ. ಗೂಗಲ್‌ನಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ 2013ರಿಂದಲೂ ಇದೆ. 3ರಿಂದ 18 ತಿಂಗಳವರೆಗೆ ಖಾತೆ ಬಳಕೆಯಾಗದಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಅದರಲ್ಲಿ ನಿಗದಿ ಮಾಡಬಹುದು. ಆ್ಯಪಲ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಇದೆ. ನಿವೃತ್ತಿಯ ಆಚೀಚೆ ನನ್ನ ಬಳಿ ಬಂದು ಗಂಡನ ಫೋನಿನ ಪಾಸ್‌ವರ್ಡ್ ಗೊತ್ತಿಲ್ಲ, ಹೇಗಾದರೂ ಫೋಟೊ ತೆಗೆಸಿಕೊಡಿ ಎಂದು ಕೇಳಿದ ಹೆಂಗಸರ ಮುಖ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರಿಗೆ ನಾನು ಏನನ್ನೂ ಮಾಡಿಕೊಡಲಾಗಲಿಲ್ಲ. ಯಾವ ಖಾತೆ, ಯಾವ ಡಿಸ್ಕ್, ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಮನೆಯ ವಿಮೆ, ಠೇವಣಿ ಕಾಗದಗಳ ಜೊತೆ ಇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಆ ಹಾಳೆ ಎಲ್ಲಿದೆ ಎಂದು ಗೊತ್ತಿರಲಿ.

• ಕೊನೆಗೆ, ಫೋಟೊದಲ್ಲಿ ಇರುವವರು ಯಾರು ಎಂದು ಬರೆದಿಡಿ. ಹಳೆಯ ಆಲ್ಬಮ್ಮುಗಳನ್ನು ಸ್ಕ್ಯಾನ್ ಮಾಡುವಾಗ ಚಿಕ್ಕ ಚಿತ್ರಗಳಿಗೆ 600 ಡಿಪಿಐ ಇಟ್ಟುಕೊಳ್ಳಿ, ಚಿತ್ರದ ಬೆನ್ನ ಮೇಲೆ ಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ನಮ್ಮ ಮನೆಯ ಗುಂಪುಚಿತ್ರಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತವರ ಗುರುತು ಹೇಳಬಲ್ಲವರು ಈಗ ಇಬ್ಬರೋ ಮೂವರೋ ಇದ್ದಾರೆ. ಮುಂದಿನ ಸಲ ಊರಿಗೆ ಬಂದಾಗ ಲ್ಯಾಪ್‌ಟಾಪ್ ತಂದು ಅವರ ಪಕ್ಕದಲ್ಲಿ ಕೂರಿ. ಒಂದೊಂದು ಚಿತ್ರಕ್ಕೂ ಎಡದಿಂದ ಬಲಕ್ಕೆ ಹೆಸರು, ಸಂಬಂಧ, ಊರು, ಗೊತ್ತಿದ್ದರೆ ವರ್ಷ ಕೇಳಿ ಟೈಪ್ ಮಾಡಿಕೊಳ್ಳಿ. ಅವರು ಹೇಳುವಾಗ ಫೋನಿನಲ್ಲಿ ಧ್ವನಿಯನ್ನೂ ಮುದ್ರಿಸಿಕೊಳ್ಳಿ, ಹೆಸರಿನ ಜೊತೆ ನೀವು ಕೇಳದ ಸಂಗತಿಗಳೂ ಬರುತ್ತವೆ. ಆ ಪಟ್ಟಿಯನ್ನು ಸಾದಾ ಯೂನಿಕೋಡ್ ಫೈಲಾಗಿ ಚಿತ್ರಗಳ ಫೋಲ್ಡರಿನಲ್ಲೇ ಉಳಿಸಿ, ‘ಅ’ ಡಿಸ್ಕಿಗೊಂದು, ‘ಆ’ ಡಿಸ್ಕಿಗೊಂದು, ಕ್ಲೌಡ್‌ಗೊಂದು ಹಾಕಿ.